ಚಟ್ನಿಗೆ ಬಿಸಿಲು ಬೇಕು

ನಮ್ಮ ಮನೆಯಲ್ಲಿ ಮಿಕ್ಸಿ ತಿರುಗುವುದು ಬಿಸಿಲು ನೆತ್ತಿಗೆ ಬಂದ ಮೇಲೆ. ದೋಸೆಹಿಟ್ಟು, ಹುಳಿಗೆ ಮಸಾಲೆ, ತಂಬುಳಿಗೆ ಕಾಯಿ, ಎಲ್ಲವೂ ಹನ್ನೊಂದರಿಂದ ಒಂದೂವರೆಯೊಳಗೆ ಮುಗಿಯಬೇಕು. ಬೆಳಗ್ಗೆ ಏಳಕ್ಕೆ ಯಾರಾದರೂ ಕಾಯಿಚಟ್ನಿ ಕೇಳಿದರೆ ಅಮ್ಮ ಮೂಲೆಯ ಒರಳಿನ ಕಡೆ ಕೈ ತೋರಿಸುತ್ತಾರೆ. ಕೇಳಿದವರು ಚಟ್ನಿಪುಡಿಗೆ ಮೊಸರು ಕಲಸಿಕೊಂಡು ಸುಮ್ಮನಾಗುತ್ತಾರೆ.

ಹೊಸನಗರ ತಾಲ್ಲೂಕಿನಲ್ಲಿ, ಕೊಡಚಾದ್ರಿ ಕಾಣುವ ಒಂದು ಗುಡ್ಡದ ಮೇಲೆ ಮನೆ ಕಟ್ಟಿಸುತ್ತಿದ್ದೇವೆ. ಅದು ಮುಗಿಯುವವರೆಗೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಸಂಸಾರ. ಕರೆಂಟಿನ ಕಂಬ ಗುಡ್ಡದ ಬುಡದಲ್ಲೇ ನಿಂತುಬಿಟ್ಟಿದೆ. ಮೇಲೆ ಬರಬೇಕಾದರೆ ಕಾಡು ದಾಟಬೇಕು, ಕಾಡು ದಾಟಲು ಕಾಗದಪತ್ರ ಬೇಕು. ಆ ಓಡಾಟ ನಮ್ಮ ಕೈಲಾಗುವುದಲ್ಲ ಎಂದು ಸೋಲಾರ್ ಹಾಕಿಸಿಕೊಂಡೆವು. ತಮಾಷೆ ನೋಡಿ, ಇಡೀ ರಾಜ್ಯಕ್ಕೆ ಕರೆಂಟು ಕಳಿಸಿದ ಸೀಮೆ ಇದು. ಅತ್ತ ಶರಾವತಿ, ಇತ್ತ ವಾರಾಹಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರುಗಳು ಮುಳುಗಿದವು. ಅಲ್ಲಿಂದ ಎದ್ದು ಬಂದವರಲ್ಲಿ ಎಷ್ಟೋ ಜನ ಆಮೇಲೂ ವರ್ಷಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಕಾಲ ಹಾಕಿದರು. ಅಮ್ಮನ ತವರು ಆ ಕಡೆ. ಪೇಟೆಯ ನೆಂಟರು 'ಅಯ್ಯೋ, ನಿಮ್ಮನೇಲಿ ಕರೆಂಟೇ ಇಲ್ವಂತಲ್ಲ' ಎಂದು ಮರುಗಿದರೆ ಅವರಿಗೆ ನಗು ಬರುತ್ತದೆ.

ಇಲ್ಲಿಗೆ ಬರುವ ಸ್ನೇಹಿತರು ಗುಡ್ಡದ ಮನೆ ಅಂದರೆ ನಿಶ್ಚಿಂತೆ ಅಂದುಕೊಂಡಿರುತ್ತಾರೆ. ಬಿಲ್ಲಿಲ್ಲ, ಲೈನ್‌ಮನ್ನಿಗೆ ಕಾಯುವುದಿಲ್ಲ, ಹಕ್ಕಿಯ ಕೂಗು ಕೇಳುತ್ತಾ ಇರುವುದು. ಹಕ್ಕಿ ಕೂಗುವುದೇನೋ ನಿಜ. ಆದರೆ ನಾವು ಕೇಳುವುದು ಇನ್ವರ್ಟರಿನ ಕೂಗನ್ನು. ಮನೆಯಲ್ಲಿರುವುದು 12 ವೋಲ್ಟಿನ, 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿ. ಲೆಕ್ಕಕ್ಕೆ 3.6 ಯೂನಿಟ್. ಆದರೆ ಈ ಸೀಸದ ಬ್ಯಾಟರಿಗಳನ್ನು ಪೂರ್ತಿ ಬಳಿದು ಬಳಸಿದರೆ ಬೇಗ ಸಾಯುತ್ತವೆ. ಅರ್ಧಕ್ಕೆ ನಿಲ್ಲಿಸಿದರೆ ಬಾಳಿಕೆ ಜಾಸ್ತಿ. ಅಂದರೆ ಸಂಜೆಯಿಂದ ಬೆಳಗಿನವರೆಗೆ ನಮ್ಮ ಕೈಯಲ್ಲಿ ಎರಡು ಯೂನಿಟ್ಟೂ ಇಲ್ಲ. ಸಣ್ಣ ಫ್ರಿಜ್ಜು ಅದರಲ್ಲಿ ತನ್ನ ಪಾಲು ಮೊದಲೇ ಎತ್ತಿಟ್ಟುಕೊಳ್ಳುತ್ತದೆ. 9 ವ್ಯಾಟಿನ ಬಲ್ಬುಗಳು ಪಾಪ, ಏನೂ ತಿನ್ನುವುದಿಲ್ಲ. ತಿನ್ನುವುದು 750 ವ್ಯಾಟಿನ ಮಿಕ್ಸಿ, 1,000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ. ಅದಕ್ಕೇ ಇವೆರಡಕ್ಕೂ ಸೂರ್ಯ ಇದ್ದಾಗ ಮಾತ್ರ ಅಪ್ಪಣೆ. ನನ್ನ ಹೆಂಡತಿ ಶಾಲೆಗೆ ಉಡುವ ಕಾಟನ್ ಸೀರೆಗಳೆಲ್ಲ ಭಾನುವಾರ ಮಧ್ಯಾಹ್ನ ಸಾಲಾಗಿ ಇಸ್ತ್ರಿಯಾಗುತ್ತವೆ. ಗೀಸರಿನ ಮಾತು ಯಾರೂ ಎತ್ತುವುದಿಲ್ಲ. ಬಚ್ಚಲಲ್ಲಿ ಹಂಡೆ ಇದೆ, ಒಲೆಗೆ ಅಡಿಕೆ ಸಿಪ್ಪೆ ಇದೆ.

ಸಂಜೆ ಮಗಳು ಮೀಟರ್ ನೋಡಿ ಕೂಗುತ್ತಾಳೆ: 'ಇಪ್ಪತ್ನಾಲ್ಕು ಪಾಯಿಂಟ್ ಎರಡು!' ಎರಡು ಬ್ಯಾಟರಿ ಸೇರಿ 24.2 ವೋಲ್ಟಿಗೆ ಬಂದರೆ ಅರ್ಧ ಖಾಲಿ ಎಂದು ಲೆಕ್ಕ. ಅಮ್ಮ ಅದನ್ನು ತಮ್ಮ ಭಾಷೆಗೆ ತಿರುಗಿಸಿಕೊಳ್ಳುತ್ತಾರೆ. 'ಅಕ್ಕಿ ಡಬ್ಬ ಅರ್ಧ ಆತು. ಟೀವಿ ಆರ್ಸಿ.' ಆ ಮಾತಿಗೆ ಮೇಲ್ಮನವಿ ಇಲ್ಲ. ನಾನು ಡಿಗ್ರಿ ಓದಿ, ಕ್ಯಾಲ್ಕುಲೇಟರ್ ಹಿಡಿದು ಹಾಕುವ ಲೆಕ್ಕ ಅವರಿಗೆ ಕಣ್ಣಳತೆಯಲ್ಲೇ ಸಿಗುತ್ತದೆ. ತಿಂಗಳಿಗೆ ಇಷ್ಟೇ ಸೀಮೆಎಣ್ಣೆ, ಇಷ್ಟೇ ಸಕ್ಕರೆ ಎಂದು ಸಂಸಾರ ತೂಗಿಸಿದವರಿಗೆ ಯೂನಿಟ್ ಯಾವ ಮಹಾ.

ಒರಳಿನ ವಿಷಯದಲ್ಲಿ ಮಾತ್ರ ಅಮ್ಮನ ಮುಂದೆ ಕವಿತ್ವ ನಡೆಯುವುದಿಲ್ಲ. ಬೆಂಗಳೂರಿನಿಂದ ಬಂದ ಗೆಳೆಯನೊಬ್ಬ ಊಟ ಮಾಡುತ್ತಾ, ಒರಳಲ್ಲಿ ರುಬ್ಬಿದ ಚಟ್ನಿಯ ರುಚಿಯೇ ಬೇರೆ, ನೀವೆಲ್ಲ ಪುಣ್ಯವಂತರು ಎಂದ. 'ಹೌದಪ್ಪಾ, ರಾತ್ರಿ ದೋಸೆಗೆ ಅಕ್ಕಿ ನೆನೆಹಾಕ್ತೀನಿ, ನೀನೇ ರುಬ್ಬು' ಎಂದರು. ಅವನು ಸಂಜೆಯೇ ಹೊರಟ. ಒರಳನ್ನು ಹೊಗಳುವ ಗಂಡಸರಲ್ಲಿ ರುಬ್ಬಿದವರನ್ನು ನಾನಂತೂ ಕಂಡಿಲ್ಲ. ಅಮ್ಮ ನಲವತ್ತು ವರ್ಷ ರುಬ್ಬಿದವರು. ಸರಳ ಜೀವನ ಅಂತ ಯಾರಾದರೂ ಬಾಯಿ ತೆರೆದರೆ, ಯಾರಿಗೆ ಸರಳ ಎಂದು ಮೊದಲು ಕೇಳುತ್ತಾರೆ.

ಈಗ ಮನೆಯ ಕೆಲಸ. ಮಲೆನಾಡಿನಲ್ಲಿ ಮನೆ ಕಟ್ಟುವುದು ದೀಪಾವಳಿಯಿಂದ ಮುಂಗಾರಿನವರೆಗೆ ಮಾತ್ರ. ಆಮೇಲೆ ಸಿಮೆಂಟ್ ಚೀಲ ಕೂತಲ್ಲೇ ಕಲ್ಲಾಗುತ್ತದೆ. ಗೋಡೆಗೆ ಜಂಬಿಟ್ಟಿಗೆ. ಲಾರಿ ಅದನ್ನು ಕೆಳಗಿನ ರಸ್ತೆಯಲ್ಲಿ ಸುರಿದು ಹೋಗುತ್ತದೆ, ಅಲ್ಲಿಂದ ಜೀಪಿನಲ್ಲಿ ಮೇಲಕ್ಕೆ. ಮೇಸ್ತ್ರಿಗೆ ಕರೆಂಟಿನ ಹಂಗಿಲ್ಲ, ಕರಣೆ, ತೂಕದಗುಂಡು ಇದ್ದರೆ ಸಾಕು. ತಕರಾರು ಶುರುವಾಗಿದ್ದು ಮರಗೆಲಸದ ಆಚಾರಿ ಬಂದ ಮೇಲೆ. ಅವರ ಕೈಯಲ್ಲಿ ಕೊಯ್ಯುವ ಮಿಷನ್ನು, ಉಜ್ಜುವ ಮಿಷನ್ನು. ಎರಡಕ್ಕೂ ಒಳ್ಳೆಯ ಬಿಸಿಲು ಬೇಕು. ಒಳ್ಳೆಯ ಬಿಸಿಲು ಇರುವುದು ಹನ್ನೊಂದರಿಂದ ಒಂದೂವರೆಗೆ.

ಕಿಟಕಿಯ ಚೌಕಟ್ಟೂ ಹುಳಿಯ ಮಸಾಲೆಯೂ ಒಂದೇ ಹೊತ್ತಿಗೆ ಇನ್ವರ್ಟರ್ ಮುಂದೆ ನಿಂತರೆ ಅದು ಕುಂಯ್ ಎಂದು ಅತ್ತು ಬಾಯಿ ಮುಚ್ಚುತ್ತದೆ. ಫ್ಯಾನೂ ನಿಂತು, ಫ್ರಿಜ್ಜೂ ನಿಂತು, ಅಡುಗೆಮನೆಯಿಂದಲೂ ಅಂಗಳದಿಂದಲೂ ಒಟ್ಟಿಗೆ 'ಯಾರು ಹಾಕಿದ್ದು?' ಎಂಬ ಪ್ರಶ್ನೆ. ಕೊನೆಗೆ ಅವರಿಬ್ಬರೇ ಒಪ್ಪಂದ ಮಾಡಿಕೊಂಡರು. ಅಮ್ಮ ಬಾಗಿಲಿಗೆ ಬಂದು, 'ಆಚಾರ್ರೇ, ಒಂದು ಕವಳ ಹಾಕ್ಕಳಿ' ಎನ್ನುತ್ತಾರೆ. ಆಚಾರಿ ಮಿಷನ್ ಆರಿಸಿ ಎಲೆಗೆ ಸುಣ್ಣ ಹಚ್ಚುತ್ತಾರೆ. ಅದು ಮುಗಿಯುವುದರೊಳಗೆ ಮಸಾಲೆ ನುಣ್ಣಗಾಗಿರುತ್ತದೆ. ನಮ್ಮ ಕಿಟಕಿಗಳು ತಡವಾದದ್ದು ಕವಳದಿಂದಲೋ ಮಸಾಲೆಯಿಂದಲೋ ಎಂಬ ಚರ್ಚೆ ಇನ್ನೂ ನಡೆದಿದೆ. ಆಚಾರಿ ಮಧ್ಯಾಹ್ನ ಇಲ್ಲೇ ಉಣ್ಣುವವರಾದ್ದರಿಂದ ಅವರು ಮಸಾಲೆಯ ಪಕ್ಷ.

ಮಳೆಗಾಲ ಬಂದರೆ ಎಲ್ಲ ತಲೆಕೆಳಗು. ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆಯಲ್ಲಿ ಸೋಲಾರ್ ಹಲಗೆ ಜುಲೈನಲ್ಲಿ ಬರೀ ಛಾವಣಿ. ಅಷ್ಟು ಹೊತ್ತಿಗೆ ಮನೆಯ ಹಿಂದಿನ ಹಳ್ಳ ಎದ್ದಿರುತ್ತದೆ. ಅದಕ್ಕೊಂದು ಪುಟ್ಟ ಟರ್ಬೈನು ಕೂರಿಸಿದ್ದೇವೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಪೈಪಿನಲ್ಲಿ ಇಳಿದರೆ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್. ಕೇಳಲು ಸಣ್ಣದು. ಆದರೆ ಅದು ಹಗಲೂ ರಾತ್ರಿ ತಿರುಗುತ್ತದೆ, ದಿನಕ್ಕೆ 24 ಯೂನಿಟ್. ಉಳಿದ ಕರೆಂಟನ್ನು ನೀರಿನ ಡ್ರಮ್ಮಿನೊಳಗಿನ ಕಾಯಿಲ್‌ಗೆ ಬಿಟ್ಟು ಸುಡಬೇಕು, ಇಲ್ಲದಿದ್ದರೆ ಭಾರವಿಲ್ಲದ ಟರ್ಬೈನು ಹದ ಮೀರಿ ಓಡುತ್ತದೆ. ಆರು ತಿಂಗಳು ಒಂದೊಂದು ಯೂನಿಟ್ಟಿಗೂ ಜಗಳ, ಆಮೇಲೆ ಕರೆಂಟು ಖರ್ಚು ಮಾಡುವುದೇ ಕೆಲಸ! ಮಿಕ್ಸಿಗೆ ಹೊತ್ತುಗೊತ್ತಿಲ್ಲ. ಇಸ್ತ್ರಿ ಪೆಟ್ಟಿಗೆ ಯಾವಾಗ ಬೇಕಾದರೂ ಸಿದ್ಧ, ಆದರೆ ಇಸ್ತ್ರಿ ಮಾಡಲು ಒಣಗಿದ ಬಟ್ಟೆ ಒಂದೂ ಇರುವುದಿಲ್ಲ. ಮಕ್ಕಳ ಯೂನಿಫಾರ್ಮನ್ನು ಇಸ್ತ್ರಿ ಹೊಡೆದೇ ಒಣಗಿಸುತ್ತೇವೆ. ಇಡೀ ಶೆಡ್ಡಿಗೆ ಹಸಿಬಟ್ಟೆ ಬೆಂದ ವಾಸನೆ. ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಮಾತೂ ಕೇಳುವುದಿಲ್ಲ, ಕೈಸನ್ನೆಯಲ್ಲೇ ಊಟ ತಿಂಡಿ.

ಹಳ್ಳದ ಕರೆಂಟಿಗೆ ಇರುವ ಒಂದೇ ಶತ್ರು ತರಗೆಲೆ. ಪೈಪಿನ ಬಾಯಿಯ ಜಾಲರಿಗೆ ನಾಲ್ಕು ಎಲೆ ಅಂಟಿದರೆ ಬಲ್ಬು ಮಂಕಾಗುತ್ತದೆ. ರಾತ್ರಿ ಒಂಬತ್ತಕ್ಕೆ ಬಲ್ಬು ಮಂಕಾದರೆ ಮನೆಯಲ್ಲಿ ಎಲ್ಲರಿಗೂ ಒಮ್ಮೆಲೇ ಓದು, ತಲೆನೋವು, ಮೊಣಕಾಲುನೋವು. ಟಾರ್ಚು ಹಿಡಿದು, ಕಾಲಿಗೆ ಉಪ್ಪು ಸುಣ್ಣ ಬಳಿದುಕೊಂಡು ಹೊರಡುವವನು ನಾನು. ಹೋಗುವಾಗ ಒಬ್ಬನೇ. ಬರುವಾಗ ಉಂಬಳಗಳು ಜೊತೆಗಿರುತ್ತವೆ.

ಈ ಸಲ ಹಂಚು ಹೊದೆಸಿ ಆಗಿದೆ. ಇನ್ನು ಉಳಿದದ್ದು ಕಿಟಕಿ, ನೆಲ ಮತ್ತು ಗೃಹಪ್ರವೇಶ. ದಿನ ನೋಡಲು ಬಂದ ಪುರೋಹಿತರು ಪಂಚಾಂಗ ಬಿಡಿಸಿ, ಮಾಘದಲ್ಲಿ ಉತ್ತಮ ಮುಹೂರ್ತ ಇದೆ ಎಂದರು. ಮಾಘಕ್ಕೆ ಹಳ್ಳ ಇಳಿದಿರುತ್ತದೆ ಎಂದರು ಅಮ್ಮ. ವೈಶಾಖ? ಆಗ ಹಳ್ಳ ಇರುವುದೇ ಇಲ್ಲ, ಸಂಜೆಯಾದರೆ ಗುಡುಗು ಬೇರೆ. ಬಿಸಿಲೂ ಇದ್ದು ಹಳ್ಳವೂ ಹರಿಯುವುದು ಕಾರ್ತಿಕದಲ್ಲಿ ಮಾತ್ರ. ಪುರೋಹಿತರು ಕನ್ನಡಕ ಸರಿಮಾಡಿಕೊಂಡರು.

'ಕಾರ್ತಿಕ ಆಗ್ತದೆ ಅಮ್ಮಾ. ಆದ್ರೆ ಅದು ಮಧ್ಯಮ.'

'ಮಧ್ಯಮ ಸಾಕು ಭಟ್ರೇ. ಬರೋ ನೆಂಟರೆಲ್ಲ ಕೈಯಲ್ಲಿ ಚಾರ್ಜರ್ ಹಿಡ್ಕಂಡೇ ಬರ್ತಾರೆ.'