ಮೆಗ್ನೀಷಿಯಂ ವಿಷಯ ಬಿಟ್ಟೀರಲ್ರಿ

ಸಮುದ್ರದ ತಳದ ಬಿಸಿನೀರಿನ ಬುಗ್ಗೆ ಬಗ್ಗೆ ನೀವು ಬರದ ಲೇಖನ ಚಲೋ ಐತ್ರಿ, ಆದ್ರ ಅದರಾಗ "ಶಿಲಾರಸದಿಂದ ಲೋಹದ ನೀರು ಬರ್ತದ" ಅಂತ ಒಂದ ಸಾಲಿನ್ಯಾಗ ಮುಗಿಸಿಬಿಟ್ಟೀರಿ. ಬಹುಪಾಲು ಅದು ಸಮುದ್ರದ ನೀರ ರೀ. ಬಿರುಕಿನ್ಯಾಗ ಇಳದು ಬಿಸಿ ಬಸಾಲ್ಟ್ ಕಲ್ಲಿಗೆ (ಲಾವಾ ಆರಿ ಆದ ಕರಿ ಕಲ್ಲು) ಹತ್ತಿದಾಗ ನೀರಿನ ಮೆಗ್ನೀಷಿಯಂ ಕಲ್ಲಿನೊಳಗ ಸೇರ್ಕೋತದ, ಸೇರುವಾಗ ನೀರಿನ ಹೈಡ್ರಾಕ್ಸಿಲ್ (OH) ಭಾಗಾನೂ ಎಳಕೊಂಡು ಹೋಗ್ತದ, ಹಿಂಗಾಗಿ ಉಳದ ನೀರು ಆಸಿಡ್ ಆಗಿ ಪಿಎಚ್ (ಆಮ್ಲತೆ ಅಳತೆ; 7ಕ್ಕಿಂತ ಕಡಿಮಿ ಇದ್ರ ಆಸಿಡ್, ಹೆಚ್ಚಿದ್ರ ಕ್ಷಾರ) 3-4ಕ್ಕ ಇಳೀತದ, ಆ ನೀರ ಕಬ್ಬಿಣ ತಾಮ್ರ ಸತು ಎಲ್ಲಾ ಕರಗಿಸ್ಕೊಂಡು ಮ್ಯಾಲ ಬರ್ತದ. ಸುಮಾರು 350 ಡಿಗ್ರಿ ನೀರು 2 ಡಿಗ್ರಿ ನೀರಿಗೆ ಕೂಡಿದ್ದ ತಡ, ಆ ಲೋಹ ಗಂಧಕದ ಜೋಡಿ ಕೂಡಿ ಸಲ್ಫೈಡ್ ಕಣ ಆಗಿ ಕಪ್ಪಗ ಕಾಣ್ತದ.

ಇನ್ನೊಂದು ಭಾಳ ಚಂದ ವಿಷಯ. ಸಮುದ್ರದ ನೀರಿನ್ಯಾಗ ಕಿಲೋಕ್ಕ 1.3 ಗ್ರಾಂ ಮೆಗ್ನೀಷಿಯಂ, ಏನೂ ಬೆರೀದ ಬುಗ್ಗೆ ನೀರಿನ್ಯಾಗ ಹೆಚ್ಚುಕಮ್ಮಿ ಸೊನ್ನೆ. ಹಂಗಾಗಿ ಸ್ಯಾಂಪಲ್ ನ್ಯಾಗ ಮೆಗ್ನೀಷಿಯಂ ಎಷ್ಟೈತಿ ನೋಡಿದ್ರ ಹೊರಗಿನ ಸಮುದ್ರದ ನೀರು ಎಷ್ಟು ಬೆರತೈತಿ ಲೆಕ್ಕ ಸಿಗ್ತದ!

ನಮ್ಮ ಗದಗ ಸಾಲಿ ಹುಡುಗರಿಗೆ ಇದನ್ನ ಹೇಳಬೇಕ್ರಿ. ಕಪ್ಪತಗುಡ್ಡದ ಪಟ್ಟಿಪಟ್ಟಿ ಕಬ್ಬಿಣದ ಕಲ್ಲು 250 ಕೋಟಿ ವರ್ಷಕ್ಕಿಂತ ಹಿಂದ ಸಮುದ್ರದ ತಳದಾಗ ಕುಂತದ್ದು, ಅಂಥಾ ಕಲ್ಲಿನ ಕಬ್ಬಿಣದ ದೊಡ್ಡ ಪಾಲು ಇಂಥಾ ಬುಗ್ಗೆಗಳದ ಅಂತ ಭೂವಿಜ್ಞಾನಿಗಳು ಹೇಳ್ತಾರ, ಆಗ ನೀರಿನ್ಯಾಗ ಆಕ್ಸಿಜನ್ ಇಲ್ಲದ್ದಕ್ಕ ಕಬ್ಬಿಣ ಕರಗೇ ದೂರ ಹೋಗ್ತಿತ್ತು.

ಮುಂದಿನ ಸಲ 2000ದಾಗ ಅಟ್ಲಾಂಟಿಕ್ ನ್ಯಾಗ ಸಿಕ್ಕ ಲಾಸ್ಟ್ ಸಿಟಿ ಅನ್ನೋ ಬುಗ್ಗೆಗಳ ತಾಣದ ಬಗ್ಗೆ ಬರೀರಿ, ಅಲ್ಲಿ ಪೂರ್ತಿ ಉಲ್ಟಾ, ಪಿಎಚ್ 9ರಿಂದ 11, ಬಿಳೇ ಗೋಪುರ, ನೀರಿನ್ಯಾಗ ಹೈಡ್ರೋಜನ್ನು ಮೀಥೇನು.