ಇಳಿತದ ಟೈಮ್ ನೋಡ್ಕೊಂಡು ಹೋಗಿ

ಹೊನ್ನಾವರದ ಕಾಸರಕೋಡು ಬಂದರು, ಶರಾವತಿ ಕಾಂಡ್ಲಾ ಕಾಡಿನ (ಉಪ್ಪುನೀರಲ್ಲಿ ಬೆಳೆಯೋ ಮ್ಯಾಂಗ್ರೋವ್ ಕಾಡು) ಹಲಗೆ ದಾರಿ, ಎರಡನ್ನೂ ಒಂದೇ ಬೆಳಗ್ಗೆ ಆರಾಮಾಗಿ ನೋಡ್ಬಹುದು ಅಂತ ಬರ್ದಿದೀರಲ್ಲ ಮೇಡಂ, ನೂರಕ್ಕೆ ನೂರು ನಿಜ, ಏರು ಗೀರು ಏನೂ ಇಲ್ಲ, ಮಂಡಿ ನೋವಿರೋ ನಮ್ಮಮ್ಮನೇ ನಡೆದ್ರು. ಆದ್ರೆ ಯಾವ ಹೊತ್ತಲ್ಲಿ ಹೋದ್ರೂ ಹಕ್ಕಿ ಸಿಗತ್ವೆ ಅಂದಿದ್ದು ಮಾತ್ರ ನಾನು ಒಪ್ಪಲ್ಲ. ಉಬ್ಬರ ಇದ್ದಾಗ ಕೆಸರೆಲ್ಲ ನೀರಡಿ ಹೋಗಿರತ್ತೆ, ನೀರು ಇಳಿಯೋಕೆ ಶುರುವಾದ್ಮೇಲೇ ಸಣ್ಣ ಏಡಿಗಳು ಬಿಲದಿಂದ ಹೊರಗೆ ಬರೋದು, ಆಗ ನೋಡ್ಬೇಕು ಗದ್ದೆಗೊರವ ಅನ್ನೋ ಸಣ್ಣ ಹಕ್ಕೀನ, ಎರಡು ಹೆಜ್ಜೆ ಓಡತ್ತೆ ನಿಲ್ಲತ್ತೆ ಬಾಲ ಮೇಲೆ ಕೆಳಗೆ ಆಡಿಸ್ತಾನೇ ಇರತ್ತೆ, ಕಾಂಡ್ಲಾ ಬೇರಿನ ಮೇಲೆ ಮಿಂಚುಳ್ಳಿ ಕೂತಿರತ್ತೆ. ಇಳಿತದ ಟೈಮ್ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರತ್ತೆ, ಮೊಬೈಲಲ್ಲಿ ನೋಡ್ಕೊಂಡೇ ಹೊರಡಿ. ಬಂದರಲ್ಲಿ ಬೋಟಿಂದ ಮೀನು ಇಳಿಸೋವಾಗ ಗರುಡ, ಬೆಳ್ಳಕ್ಕಿ ಎಲ್ಲಾ ಮುತ್ತಿಕೊಳ್ಳತ್ವೆ, ಜೂನ್ ಜುಲೈನಲ್ಲಿ ಯಾಂತ್ರಿಕ ಬೋಟಿಗೆ ನಿಷೇಧ ಇರೋದ್ರಿಂದ ಆ ಗದ್ದಲ ಸಿಗಲ್ಲ. ನನ್ನ ಕೇಳಿದ್ರೆ ಡಿಸೆಂಬರ್ ಜನವರಿ ಬೆಸ್ಟು, ವಲಸೆ ಹಕ್ಕಿಗಳೂ ಇರತ್ವೆ. ಬೆಂಗಳೂರಿಂದ ಹೋಗೋರು ಪಂಚಗಂಗಾ ರೈಲು ಹತ್ತಿ, ರಾತ್ರಿ ಮಲಗಿದ್ರೆ ಬೆಳಗ್ಗೆ ಹೊನ್ನಾವರ.