ಎಷ್ಟು ಗೇಟು ಅಂತ ಬೇಡ, ಎಷ್ಟು ಗಂಟೆಗೆ ಅಂತ ಹೇಳಿ

ಮೂಸಿ ಹೊಳೆ ಮನೆಗೆ ನುಗ್ಗಿ ಹೋದ ಮೇಲೆ ಬಚ್ಚಲು ತೊಳೆದಿದ್ದು ಇದು ಆರನೇ ಸಲ. ಫಿನಾಯಿಲ್ ಹಾಕಿದೆ, ಬ್ಲೀಚಿಂಗ್ ಪೌಡರ್ ಹಾಕಿದೆ, ಸುಣ್ಣ ಹಾಕಿದೆ. ವಾಸನೆ ಮಾತ್ರ ಹೋಗುತ್ತಿಲ್ಲ. ಬೆರಳ ಸಂದಿಯೆಲ್ಲ ಉರಿಯುತ್ತಿದೆ. ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುತ್ತಿದೆ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ರಾತ್ರಿ ನಿದ್ದೆ ಬರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಮಳಖೇಡದ ಕಡೆ. ಮದುವೆಯಾಗಿ ಹೈದರಾಬಾದಿಗೆ ಬಂದು ಹತ್ತೊಂಬತ್ತು ವರ್ಷ. ಚಾದರ್‌ಘಾಟ್ ಹತ್ತಿರ, ಮೂಸಿ ನದಿಯಿಂದ ಮೂರು ಗಲ್ಲಿ ಈಚೆ ಬಾಡಿಗೆ ಮನೆ. ಕೆಳಗಿನ ಮನೆ. ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ. ಒಂದು ಕಾಲು ಮಷೀನು, ಒಂದು ಮೋಟರ್ ಮಷೀನು, ಸೀರೆ ಅಂಚು ಹೊಲಿಯುವ ಒಂದು ಪೀಕೋ ಮಷೀನು. ಮನೆ ಅರ್ಧ ನಡೆಯುವುದು ಅದರಲ್ಲೇ.

2025ರ ಸೆಪ್ಟೆಂಬರ್ 26, ಶುಕ್ರವಾರ. ಹೊಲಿಗೆ ಮಾಡುವವರಿಗೆ ಆ ವಾರ ಅಂದರೆ ಏನು ಅಂತ ತೆಲಂಗಾಣದಲ್ಲಿ ಇರುವವರಿಗೆ ಗೊತ್ತು. ಸದ್ದುಲ ಬತುಕಮ್ಮಕ್ಕೆ, ಅಂದರೆ ಇಲ್ಲಿನ ಹೆಂಗಸರ ಹೂವಿನ ಹಬ್ಬದ ಕೊನೆಯ ದಿನಕ್ಕೆ, ಮೂರ್ನಾಲ್ಕು ದಿನ ಇತ್ತು. ಆಮೇಲೆ ದಸರಾ. ಇಡೀ ವರ್ಷದಲ್ಲಿ ನನಗೆ ಕೈತುಂಬ ಕೆಲಸ ಸಿಗುವುದು ಆಗಲೇ. ಮಂಚದ ಕೆಳಗಿನ ಟ್ರಂಕಿನಲ್ಲಿ ಇಪ್ಪತ್ಮೂರು ಬ್ಲೌಸ್ ಇದ್ದವು. ಒಂಬತ್ತಕ್ಕೆ ಹುಕ್ ಹಚ್ಚುವುದಷ್ಟೇ ಬಾಕಿ. ನಾಲ್ಕು ಮಗ್ಗಂ ವರ್ಕ್‌ನವು, ಅಂದರೆ ಕೈಕಸೂತಿಯವು. ಆ ಕೆಲಸ ಬೇರೆ ಕಡೆ ಮಾಡಿಸಿ ತಂದಿದ್ದೆ, ದುಡ್ಡು ನಾನೇ ಮೊದಲು ಕೊಟ್ಟಿದ್ದೆ.

ಮಗನಿಗೆ ದಸರಾ ರಜೆ. ಅವನನ್ನು ಕಲಬುರಗಿ ಬಸ್ಸು ಹತ್ತಿಸಲು ಅವರಪ್ಪ ಇಮ್ಲಿಬನ್ ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲು ಆಗಲ್ಲ.

ಹೊಳೆ ಬಂತು ಅಂದರೆ ಬಾಗಿಲಿಂದ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ನಮ್ಮಲ್ಲಿ ಮೊದಲು ಬರುವುದು ಬಚ್ಚಲಿಂದ. ಮಷೀನಿನ ಸದ್ದು ನಿಲ್ಲಿಸಿದಾಗ ಒಳಗೆ ಗುಳು ಗುಳು ಅಂತ ಕೇಳಿಸಿತು. ಹೋಗಿ ನೋಡಿದರೆ ಬಚ್ಚಲ ಜಾಲರಿಯಿಂದ ಗುಳ್ಳೆ ಏಳುತ್ತಿದೆ. ಜಿರಳೆಗಳು ಸಾಲಾಗಿ ಗೋಡೆ ಹತ್ತುತ್ತಿವೆ. ಆಮೇಲೆ ಕಪ್ಪು ನೀರು, ನಿಧಾನವಾಗಿ, ಹಾಲು ಉಕ್ಕಿದ ಹಾಗೆ. ಮಳೆನೀರಲ್ಲ ಅದು. ಊರಿನ ಪಾಯಿಖಾನೆ ನೀರೆಲ್ಲ ಹೊಳೆಗೆ ಹೋಗುವ ಮೋರಿಯಲ್ಲೇ ವಾಪಸ್ ಬರುತ್ತಿತ್ತು. ಹಳೇ ಚಾದರ ತುರುಕಿದೆ, ಮೇಲೆ ರುಬ್ಬುವ ಕಲ್ಲು ಇಟ್ಟೆ. ಕಲ್ಲಿನ ಪಕ್ಕದಿಂದಲೇ ಉಕ್ಕಿತು.

ಅಷ್ಟರಲ್ಲಿ ಮೇಲಿನ ಮನೆಯ ಖಾಲಾ ಮೆಟ್ಟಿಲ ಮೇಲಿಂದ ಕೂಗಿದರು, "ಗೇಟಾಂ ಖೋಲ್ ದಿಯೇ ಬೇಟಾ, ಸಾಮಾನ್ ಉಠಾಲೋ!" ಊರ ಮೇಲಿನ ಅಣೆಕಟ್ಟುಗಳ ಗೇಟು ತೆರೆದಿದ್ದಾರೆ, ಸಾಮಾನು ಎತ್ತಿಕೋ ಅಂತ.

ನಮಗೆ ಎಚ್ಚರಿಕೆ ಅಂತ ಸಿಕ್ಕಿದ್ದು ಅದೊಂದೇ. ಎಪ್ಪತ್ತು ವರ್ಷದ ಒಬ್ಬ ಹೆಂಗಸು, ಅವರ ತಂಗಿ ಮಗ ಅತ್ತಾಪುರದಿಂದ ಫೋನ್ ಮಾಡಿದ್ದಕ್ಕೆ ಕೂಗಿ ಹೇಳಿದರು. ಅಧಿಕಾರಿಗಳ ಮೆಸೇಜ್ ನನ್ನ ಫೋನಿಗೆ ಬಂದಾಗ ನಾನು ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಖಾಲಾ ಮನೆಯ ಮೆಟ್ಟಿಲು ಹತ್ತುತ್ತಿದ್ದೆ. ಮೊಣಕಾಲವರೆಗೆ ನೀರಿತ್ತು. ಮೇಲೆ ಹೋಗಿ ಕೈ ಒರೆಸಿಕೊಂಡು ನೋಡಿದೆ. ಇಷ್ಟು ಗೇಟು, ಇಷ್ಟು ಅಡಿ ಎತ್ತಿದೆ, ಇಷ್ಟು ಸಾವಿರ ಕ್ಯೂಸೆಕ್ಸ್ ಬಿಡಲಾಗುತ್ತಿದೆ, ತಗ್ಗಿನಲ್ಲಿರುವವರು ಎಚ್ಚರದಿಂದಿರಿ. ಮುಗಿಯಿತು.

ಇದನ್ನು ಇಟ್ಟುಕೊಂಡು ನಾನು ಏನು ಮಾಡಲಿ, ಹೇಳಿ? ಸಾವಿರ ಕ್ಯೂಸೆಕ್ಸ್ ಅಂದರೆ ಸೆಕೆಂಡಿಗೆ ಸುಮಾರು 28 ಸಾವಿರ ಲೀಟರ್ ಅಂತ ಆಮೇಲೆ ಮಗ ಲೆಕ್ಕ ಹಾಕಿ ಹೇಳಿದ. ಬೇಸಿಗೆಯಲ್ಲಿ ನಮ್ಮ ಗಲ್ಲಿಗೆ ಬರುವ 5 ಸಾವಿರ ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥವು ಸೆಕೆಂಡಿಗೆ ಐದಾರು. ಆ ರಾತ್ರಿ ಬಿಟ್ಟಿದ್ದು ಎಷ್ಟೋ ಸಾವಿರ. ನಾನು ಓದಿದವಳಲ್ಲ ಅಂತಲ್ಲ, ಆದರೆ ನನಗೆ ಬೇಕಾದದ್ದು ಕ್ಯೂಸೆಕ್ಸ್ ಅಲ್ಲ. ಚಾದರ್‌ಘಾಟಿಗೆ ನೀರು ಎಷ್ಟು ಗಂಟೆಗೆ ಮುಟ್ಟುತ್ತದೆ, ಯಾವ ಗಲ್ಲಿವರೆಗೆ ಬರುತ್ತದೆ, ಎಷ್ಟು ಎತ್ತರ ಬರುತ್ತದೆ. ಇಷ್ಟೇ. ಅಣೆಕಟ್ಟು ಇರುವ ಜಾಗ ಗೊತ್ತು, ನಮ್ಮ ಗಲ್ಲಿ ಇರುವ ಜಾಗ ಗೊತ್ತು, ನಡುವೆ ಇರುವ ಹೊಳೆ ಗೊತ್ತು. ಪ್ರತಿ ಸಲ ಅದೇ ದಾರಿಯಲ್ಲೇ ಬರುತ್ತದೆ ನೀರು. ಬಾಪೂ ಘಾಟ್ ಹತ್ತಿರ ಮೂಸಿ, ಈಸಿ ಎರಡೂ ಹೊಳೆ ಸೇರುತ್ತವೆ, ಆಮೇಲೆ ಅತ್ತಾಪುರ, ಪುರಾನಾ ಪೂಲ್, ಅಫ್ಜಲ್‌ಗಂಜ್, ನಾವು. ಅತ್ತಾಪುರದ ಹುಡುಗ ನೋಡಿ ಹೇಳಬಲ್ಲ ಅಂದರೆ ಸಂಬಳ ತೆಗೆದುಕೊಳ್ಳುವವರು ಯಾಕೆ ಹೇಳಲಾರರು?

ಆ ರಾತ್ರಿ ಬಸ್ ಸ್ಟ್ಯಾಂಡಿಗೂ ನೀರು ನುಗ್ಗಿತು, ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಅದು ಇರುವುದೇ ಹೊಳೆಯ ನಡುವಿನ ದಿಬ್ಬದ ಮೇಲೆ. ಪ್ಲಾಟ್‌ಫಾರ್ಮ್ ಕಟ್ಟೆಯ ಮೇಲೆ ಬ್ಯಾಗು ತಲೆಗಿಟ್ಟುಕೊಂಡು ಜನ ನಿಂತಿದ್ದರು. ಅದರಲ್ಲಿ ನನ್ನ ಗಂಡ, ನನ್ನ ಮಗ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೊರಗೆ ಬಂದರಂತೆ. ಮಗನ ಫೋನು ಹತ್ತೂವರೆಗೆ ಆಫ್ ಆಯಿತು. ಮತ್ತೆ ಅವನ ದನಿ ಕೇಳಿದ್ದು ಬೆಳಗಿನ ಜಾವ ನಾಲ್ಕಕ್ಕೆ. ಆ ಐದೂವರೆ ಗಂಟೆ ಹೇಗಿತ್ತು ಅಂತ ಬರೆಯಲು ನನಗೆ ಬರಲ್ಲ.

ನನಗೆ ಸಿಟ್ಟು ಬರುವುದು ಮಳೆಯ ಮೇಲಲ್ಲ. ಮಳೆ ಬಂದೇ ಬರುತ್ತದೆ. ಮೂಸಿ ಹುಟ್ಟುವುದು ವಿಕಾರಾಬಾದ್ ಹತ್ತಿರದ ಅನಂತಗಿರಿ ಗುಡ್ಡದಲ್ಲಿ. ನಮ್ಮ ಮಳಖೇಡದ ಕಾಗಿಣಾ ಹುಟ್ಟುವುದೂ ಅಲ್ಲೇ. ಒಂದೇ ಗುಡ್ಡದ ನೀರು, ಆ ಕಡೆ ಇಳಿದಿದ್ದು ತವರಿಗೆ, ಈ ಕಡೆ ಇಳಿದಿದ್ದು ಗಂಡನ ಮನೆಗೆ. ಅವ್ವ ಫೋನ್ ಮಾಡಿ "ಕಾಗಿಣಾ ಏರಿದೆ" ಅಂದರೆ ನಾನು ಇಲ್ಲಿ ಸಾಮಾನು ಕಟ್ಟಲು ಶುರು ಮಾಡುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಅವ್ವನ ಫೋನೇ ಎಷ್ಟೋ ವಾಸಿ.

ಸಿಟ್ಟು ಬರುವುದು ಯಾಕೆಂದರೆ, ಈ ಎರಡು ಅಣೆಕಟ್ಟು ಕಟ್ಟಿದ್ದೇ ನಾವು ಮುಳುಗಬಾರದು ಅಂತ. 1908ರ ಸೆಪ್ಟೆಂಬರ್ 28ರಂದು ಮೂಸಿ ಈ ಊರನ್ನು ಕೊಚ್ಚಿಕೊಂಡು ಹೋಯಿತು. ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜಿನ ಆಸ್ಪತ್ರೆ ಹಿತ್ತಲಿನ ಹುಣಸೆ ಮರ ಹತ್ತಿ ನೂರೈವತ್ತು ಜನ ಬದುಕಿದರು ಅಂತ ಇವತ್ತಿಗೂ ಇಲ್ಲಿ ಹೇಳುತ್ತಾರೆ. ಆ ಮರ ಇನ್ನೂ ಇದೆ. ಆಮೇಲೆ ನಿಜಾಮರು 1909ರಲ್ಲಿ ಕರೆಸಿಕೊಂಡಿದ್ದು ಯಾರನ್ನು? ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಬಂದು ಮೇಲಿನ ಸೀಮೆಯನ್ನೆಲ್ಲ ನೋಡಿದರು. ಅಲ್ಲಿ 788 ಕೆರೆಗಳಿದ್ದವು, ಅದರಲ್ಲಿ 221 ಒಡೆದಿದ್ದವು ಅಂತ ಲೆಕ್ಕ ತೆಗೆದರು. ಊರು ಉಳಿಯಬೇಕೆಂದರೆ ಪ್ರವಾಹದ ನೀರನ್ನು ಊರಿಗೆ ಬರುವ ಮೊದಲೇ ಮೇಲೆ ತಡೆದು ಹಿಡಿಯಬೇಕು ಅಂದರು. ಹಾಗೆ ಬಂದಿದ್ದು ಮೂಸಿಗೆ ಉಸ್ಮಾನ್ ಸಾಗರ್, ಅಂದರೆ ಗಂಡಿಪೇಟ್, 1920ರಲ್ಲಿ. ಈಸಿಗೆ ಹಿಮಾಯತ್ ಸಾಗರ್, 1927ರಲ್ಲಿ. ಕುಡಿಯುವ ನೀರೂ ಆಯಿತು, ಅದು ಒಳ್ಳೆಯದೇ. ಆದರೆ ಮೊದಲ ಕೆಲಸ ಪ್ರವಾಹ ಹಿಡಿಯುವುದು.

ಪ್ರವಾಹ ಹಿಡಿಯಬೇಕೆಂದರೆ ಜಾಗ ಖಾಲಿ ಇರಬೇಕು, ಅಲ್ವಾ? ತುಂಬಿದ ಕೊಡಕ್ಕೆ ನೀರು ಸುರಿದರೆ ಹೊರಗೇ ಚೆಲ್ಲುತ್ತದೆ. ಆಗಸ್ಟಿನಲ್ಲೇ ಹಿಮಾಯತ್ ಸಾಗರ್ ತುಂಬಿಕೊಂಡು ನಿಂತಿತ್ತು. ಅದರ ಪೂರ್ತಿ ಮಟ್ಟ ಸಮುದ್ರ ಮಟ್ಟದಿಂದ 1763.5 ಅಡಿ, ಗಂಡಿಪೇಟಿನದು 1790. ಮಟ್ಟ ಆ ಅಂಚಿನಲ್ಲೇ ಇಟ್ಟುಕೊಂಡು ಕೂತರೆ ಮೇಲೆ ಜೋರು ಮಳೆ ಬಿದ್ದ ರಾತ್ರಿ ಏನು ಮಾಡುತ್ತಾರೆ? ಹಿಮಾಯತ್ ಸಾಗರಿಗೆ 17 ಗೇಟು, ಗಂಡಿಪೇಟಿಗೆ 15 ಗೇಟು, ಒಂದರ ಹಿಂದೊಂದು ಎತ್ತುತ್ತಾರೆ. ಬಂದಷ್ಟನ್ನೂ ಬಿಡುತ್ತಾರೆ. ಅಣೆಕಟ್ಟು ಇದ್ದೂ ಇಲ್ಲದ ಹಾಗೆ.

ಕುಡಿಯಲು ಬೇಕಲ್ಲ ಅಂತ ಕೆಲವರು ಹೇಳುತ್ತಾರೆ. ನನ್ನ ನಲ್ಲಿಯಲ್ಲಿ ಬರುವ ನೀರು ಕೃಷ್ಣೆಯದು. ಈ ಊರು ಈಗ ಜಾಸ್ತಿ ಕುಡಿಯುವುದು ಕೃಷ್ಣಾ, ಗೋದಾವರಿ ನೀರು. ಈ ಎರಡು ಕೆರೆಗಳ ಪಾಲು ಸ್ವಲ್ಪವೇ. ಸೆಪ್ಟೆಂಬರ್ ಕೊನೆಯವರೆಗೆ ನಾಲ್ಕಡಿ ಖಾಲಿ ಇಟ್ಟುಕೊಳ್ಳಿ. ದೊಡ್ಡ ಮಳೆ ಬರುತ್ತದೆ ಅಂತ ಹವಾಮಾನದವರು ಹೇಳಿದರೆ ಎರಡು ದಿನ ಮೊದಲೇ, ಹಗಲು ಹೊತ್ತಿನಲ್ಲಿ, ಹೊಳೆ ತಾಳುವಷ್ಟು ಬಿಡುತ್ತಾ ಬನ್ನಿ. ಒಂದೇ ರಾತ್ರಿ ನಮ್ಮ ತಲೆಯ ಮೇಲೆ ಸುರಿಯಬೇಡಿ.

ಮೇಲೆ ಏನಾಗಿದೆ ಅಂತಲೂ ಹೇಳಬೇಕು. ಈ ಕೆರೆಗಳ ಸುತ್ತ 10 ಕಿಲೋಮೀಟರ್, 84 ಹಳ್ಳಿಗಳಲ್ಲಿ ದೊಡ್ಡ ಕಟ್ಟಡ, ಕಾರ್ಖಾನೆ ಕಟ್ಟಬಾರದು ಅಂತ 1996ರಲ್ಲಿ ಸರ್ಕಾರಿ ಆದೇಶ ಬಂದಿತ್ತು, 111 ನಂಬರಿನದು. 2022ರಲ್ಲಿ ಆ ಬಂದೋಬಸ್ತು ಸಡಿಲ ಮಾಡಿದರು. ಮಣ್ಣು ಕುಡಿಯಬೇಕಾದ ನೀರು ಸಿಮೆಂಟಿನ ಮೇಲೆ ಜಾರಿ ಬಂದರೆ ಕೆರೆ ಎಷ್ಟು ಬೇಗ ತುಂಬಬಹುದು, ನೀವೇ ಯೋಚಿಸಿ. ಕೆಳಗೆ ನೋಡಿದರೆ ಹೊಳೆಯ ಎರಡೂ ದಂಡೆಗೆ ಲಾರಿಗಟ್ಟಲೆ ಕಟ್ಟಡದ ಕಸ. ಪುರಾನಾ ಪೂಲ್ ಕಟ್ಟಿದ್ದು 1578ರಲ್ಲಿ. ಅದಕ್ಕೆ ಎಷ್ಟು ಕಮಾನು ಬಿಟ್ಟಿದ್ದಾರೆ ಅಂತ ಒಮ್ಮೆ ನಿಂತು ನೋಡಿ. ಆಗಿನವರಿಗೆ ಹೊಳೆ ಎಷ್ಟು ಅಗಲ ಅಂತ ಗೊತ್ತಿತ್ತು.

"ನೀವು ಯಾಕೆ ಹೊಳೆ ಪಕ್ಕ ಇದ್ದೀರಿ?" ಇದನ್ನೂ ಕೇಳಿದ್ದೇನೆ. ದೂರು ಕೊಡಲು ಹೋದ ಕಚೇರಿಯಲ್ಲಿ, ಮೇಜಿನ ಆ ಕಡೆ ಕೂತವರು ತಲೆ ಎತ್ತದೆ ಕೇಳಿದರು. ಸ್ವಾಮಿ, ಎಂಟು ಸಾವಿರಕ್ಕೆ ಎರಡು ಕೋಣೆ, ಮಗನ ಕಾಲೇಜು ಹತ್ತಿರ, ನಡೆದುಕೊಂಡು ಹೋದರೆ ಬಟ್ಟೆ ಅಂಗಡಿ. ಬೇರೆ ಎಲ್ಲಿ ಸಿಗುತ್ತದೆ, ತೋರಿಸಿ. ಕರೆಂಟು ಬಿಲ್ಲು ಕಟ್ಟಿಸಿಕೊಳ್ಳುವಾಗ, ವೋಟು ಕೇಳುವಾಗ ನಾವು ಹೊಳೆ ಪಕ್ಕ ಇದ್ದೇವೆ ಅಂತ ಯಾರೂ ಅನ್ನಲಿಲ್ಲ.

ಇನ್ನೊಂದು ಮಾತು. ಗೇಟು ತೆರೆದ ಮರುದಿನ ಕಾರು, ಬೈಕು ತೆಗೆದುಕೊಂಡು ನೀರು ನೋಡಲು ಹೋಗುವವರು, ಹಾಲಿನಂತೆ ಧುಮುಕುತ್ತಿದೆ ಅಂತ ಫೋಟೋ ಹಾಕುವವರು, ದಯವಿಟ್ಟು ಒಂದು ಸಲ ನಮ್ಮ ಗಲ್ಲಿಗೂ ಬನ್ನಿ. ಆ ಹಾಲು ಇಲ್ಲಿಗೆ ಬರುವ ಹೊತ್ತಿಗೆ ಏನಾಗಿರುತ್ತದೆ ಅಂತ ನೋಡಿ.

ಸೆಪ್ಟೆಂಬರ್ 15ಕ್ಕೆ ಎಂಜಿನಿಯರುಗಳ ದಿನ ಮಾಡಿದರು. ಖೈರತಾಬಾದ್ ಸರ್ಕಲ್ಲಿನಲ್ಲಿ ವಿಶ್ವೇಶ್ವರಯ್ಯನವರ ಪ್ರತಿಮೆ ಇದೆ, ನಾನು ಕನ್ನಡದವಳು, ಅಲ್ಲಿ ಹೋಗುವಾಗೆಲ್ಲ ಕೈ ಮುಗಿಯುತ್ತೇನೆ. ಆ ದಿನ ಆಚರಿಸಿ ಹನ್ನೊಂದೇ ದಿನಕ್ಕೆ ಹೀಗಾಯಿತು. ನೂರು ವರ್ಷದ ಹಿಂದೆ ಅವರು 788 ಕೆರೆ ಎಣಿಸಿದರು. ಇವರಿಗೆ ನಮ್ಮ ಮೂರು ಗಲ್ಲಿ ಎಣಿಸಲು ಆಗಲಿಲ್ಲ.

ಬೆಳಿಗ್ಗೆ ಇಳಿದು ಬಂದಾಗ ಸೊಂಟದ ಮಟ್ಟಕ್ಕೆ ಗೋಡೆಯ ಮೇಲೆ ಕಪ್ಪು ಗೆರೆ. ಕಾಲು ಮಷೀನಿನ ತಲೆ ಬಿಚ್ಚಿ ಬೀರು ಮೇಲೆ ಇಟ್ಟಿದ್ದೆ, ಅದೊಂದು ಉಳಿಯಿತು. ಮೋಟರ್ ಸುಟ್ಟಿದೆ. ಪೀಕೋ ಮಷೀನು ಎತ್ತಲು ಆಗಿರಲಿಲ್ಲ, ಒಳಗೆ ಕೆಸರು. ಟ್ರಂಕು ತೆಗೆದೆ. ಒಂದರ ಬಣ್ಣ ಒಂದಕ್ಕೆ ಹತ್ತಿತ್ತು. ಹಸಿರು ರೇಷ್ಮೆಯೊಂದು, ತಾಯಿ ಸೀರೆಯ ಬ್ಲೌಸ್ ಪೀಸ್ ಅಂತ ಹೇಳಿ ಕೊಟ್ಟಿದ್ದರು, ತಾಯಿ ಹೋಗಿ ವರ್ಷ ಆಗಿಲ್ಲ. ಅದನ್ನು ನಾಲ್ಕು ಸಲ ಶಾಂಪೂ ನೀರಿನಲ್ಲಿ ಅದ್ದಿದೆ. ಜರಿ ಕಪ್ಪಾಗಿದೆ, ಬೆನ್ನಿನ ಮೇಲೆ ಕಲೆ.

ಉಳಿದವರಿಗೆ ಫೋನ್ ಮಾಡಿ ಹೇಳಿದೆ. ಕೆಲವರು ಬೈದರು, ಕೆಲವರು ಪಾಪ ಅಂದರು. ಆ ಹಸಿರು ಬ್ಲೌಸಿನವರಿಗೆ ಇನ್ನೂ ಹೇಳಿಲ್ಲ. ನಾಳೆ ಹತ್ತು ಗಂಟೆಗೆ ಬರುತ್ತೇನೆ ಅಂದಿದ್ದಾರೆ.